ಸ್ಪೋರ್ಟ್ಸ್ ಕಾರಿಗೆ ಯಾವ ಎಂಜಿನ್ ಆಯಿಲ್? ಮೋಟೆಬೆನ್ನೂರು ಕ್ರಾಸ್‌ನಲ್ಲಿ ಉರಿದ ಕೆಂಪು ಲೈಟಿನ ಕಥೆ

 

ಹೋದ ವಾರ ಬ್ಯಾಡಗಿಯಿಂದ ಒಂದು ವಾಯ್ಸ್ ನೋಟ್ ಬಂತು. ನಮ್ಮ ಹಳೇ ಕೇಳುಗ, ಮನೆಯವರದು ಮೆಣಸಿನಕಾಯಿ ವ್ಯಾಪಾರ. ಹೆಸರು ಹೇಳಬೇಡ ಅಂದಿದ್ದಾನೆ, ಯಾಕಂದ್ರೆ ಕಾರು ತಗೊಂಡಿದ್ದು ಇನ್ನೂ ಅಜ್ಜನಿಗೆ ಗೊತ್ತಿಲ್ಲವಂತೆ. ಅವನು ಹೇಳಿದ್ದು ಇಷ್ಟು: "ಬ್ರೋ, ಆಡಿ ಟಿಟಿ ತಗೊಂಡೇನಿ. ಸೆಕೆಂಡ್ ಹ್ಯಾಂಡ್, ಬೆಂಗಳೂರಿನ ಗಾಡಿ. ಮೊದಲು ಆಯಿಲ್ ಚೇಂಜ್ ಮಾಡಿಸಬೇಕು. 10ಡಬ್ಲ್ಯೂ-60 ಹಾಕಸ್ಲಾ? ಫುಲ್ ಸಿಂಥೆಟಿಕ್ ಐತಿ, ರೇಸ್ ಕಾರಿಗೆ ಹಾಕೋದಂತ. ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಚಲೋ ಅಂತಾರ ಎಲ್ಲಾರೂ."

ಈ ವಾಯ್ಸ್ ನೋಟನ್ನ ನಾನು ಮೂರು ಸಲ ಕೇಳಿದೆ. ಮೊದಲನೇ ಸಲ ಬರೀ ಹೊಟ್ಟೆಕಿಚ್ಚು. ಎರಡನೇ ಸಲ ಹಿಂದೆ ಎಂಜಿನ್ ಸೌಂಡ್ ಏನಾದರೂ ಕೇಳಿಸ್ತದಾ ಅಂತ. ಮೂರನೇ ಸಲ ಆ ಕೊನೇ ಮಾತು ಚುಚ್ಚಿತು. "ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಚಲೋ." ನಾಲ್ಕು ವರ್ಷದ ಹಿಂದೆ ರಾಣೆಬೆನ್ನೂರಿನ ಒಂದು ಗ್ಯಾರೇಜಿನ ಮುಂದೆ ನಿಂತು ನಾನೂ ಇದೇ ಮಾತು ಹೇಳಿದ್ದೆ. ಆ ಮಾತಿನ ಬೆಲೆ ₹68,900. ಬಿಲ್ಲು ಇನ್ನೂ ನನ್ನ ಹತ್ತಿರ ಇದೆ.

ಆ ಕಥೆಯಿಂದಲೇ ಶುರು ಮಾಡ್ತೀನಿ.

ನಾನಾಗ ಬಿ.ಕಾಂ ಮುಗಿಸಿ ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರದವರೊಬ್ಬರ ಹತ್ತಿರ ಅಕೌಂಟ್ಸ್ ಬರೀತಿದ್ದೆ. ಸಂಬಳ ₹16,000. ಎರಡು ವರ್ಷ ಕೂಡಿಟ್ಟಿದ್ದು, ಮೇಲೆ ಸ್ವಲ್ಪ ಸಾಲ, ಮೇಲೆ ಅಪ್ಪ ಕೊಟ್ಟಿದ್ದು, ಎಲ್ಲಾ ಸೇರಿಸಿ ಒಂದು ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್ ತಂದೆ. ಅದನ್ನ ಸ್ಪೋರ್ಟ್ಸ್ ಕಾರು ಅಂದರೆ ಬೆಂಗಳೂರಿನವರು ನಗಬಹುದು. ನಮ್ಮ ಓಣಿಯಲ್ಲಿ ಯಾರೂ ನಗಲಿಲ್ಲ. ಹಿಂದೆ ಕೆಂಪು ಬ್ಯಾಡ್ಜ್ ಇತ್ತು, ಹೈವೇಯಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ ಬೆನ್ನು ಸೀಟಿಗೆ ಅಂಟ್ತಿತ್ತು, ನನಗೆ ಅಷ್ಟು ಸಾಕಾಗಿತ್ತು.

ಮೊದಲ ಸರ್ವಿಸ್‌ಗೆ ಹೋದಾಗ ಮೇಸ್ತ್ರಿ ಕೇಳಿದ, "ಯಾವ ಆಯಿಲ್ ಹಾಕ್ಲಿ?" ಕಾರಿನ ಜೊತೆ ಬಂದಿದ್ದ ಮ್ಯಾನುಯಲ್ ಡ್ಯಾಶ್‌ಬೋರ್ಡಿನಲ್ಲೇ ಬಿದ್ದಿತ್ತು. ಅದರಲ್ಲಿ 5ಡಬ್ಲ್ಯೂ-40 ಅಂತ ಸ್ಪಷ್ಟವಾಗಿ ಇತ್ತು. ನಾನು ತೆಗೆದೇ ನೋಡಲಿಲ್ಲ. "20ಡಬ್ಲ್ಯೂ-50 ಹಾಕ್ರಿ, ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಚಲೋ" ಅಂದೆ. ಮಿನರಲ್ ಆಯಿಲ್, ಅರ್ಧ ರೇಟಿಗಿಂತ ಕಡಿಮೆ. ಉಳಿತಾಯ ಅಂತ ಖುಷಿ ಬೇರೆ. ಮೇಸ್ತ್ರಿ ಒಂದು ಸಲ ನನ್ನ ಮುಖ ನೋಡಿದ, ಹಾಕಿದ. ಅವನದೇನೂ ತಪ್ಪಿಲ್ಲ, ಗಿರಾಕಿ ಕೇಳಿದ್ದನ್ನ ಕೊಟ್ಟ.

ಆಮೇಲೆ 9,000 ಕಿಲೋಮೀಟರ್ ಓಡಿಸಿದೆ. ಅದರಲ್ಲಿ ಮುಕ್ಕಾಲು ಭಾಗ ಮನೆಯಿಂದ ಆಫೀಸಿಗೆ ಮೂರು ಕಿಲೋಮೀಟರ್, ಮಧ್ಯಾಹ್ನ ಊಟಕ್ಕೆ ಮೂರು, ವಾಪಸ್ ಮೂರು. ಡಿಪ್‌ಸ್ಟಿಕ್ ಒಂದು ಸಲವೂ ಎಳೆದು ನೋಡಲಿಲ್ಲ. ಒಂದು ರಾತ್ರಿ ಹಾವೇರಿಯಲ್ಲಿ ಮದುವೆ ಮುಗಿಸಿಕೊಂಡು ಅಪ್ಪ-ಅವ್ವನ್ನ ಕೂರಿಸಿಕೊಂಡು ರಾಣೆಬೆನ್ನೂರಿಗೆ ಬರ್ತಿದ್ದೆ. ಮೋಟೆಬೆನ್ನೂರು ಕ್ರಾಸ್ ಹತ್ತಿರ ಸ್ಲೋ ಮಾಡಿದೆ ನೋಡ್ರಿ, ಮೀಟರಿನಲ್ಲಿ ಕೆಂಪು ಲೈಟು. ಅಲ್ಲಾವುದ್ದೀನನ ದೀಪದ ಥರ ಚಿತ್ರ, ತುದಿಯಲ್ಲಿ ಒಂದು ಹನಿ. ಆಕ್ಸಿಲರೇಟರ್ ಒತ್ತಿದರೆ ಲೈಟು ಹೋಗ್ತಿತ್ತು. ಹೋಯ್ತಲ್ಲ, ಇನ್ನೇನು ಇಪ್ಪತ್ತು ಕಿಲೋಮೀಟರ್ ಅಂತ ಹೊಡೆದೆ. ಸ್ವಲ್ಪ ದೂರಕ್ಕೆ ಬಾನೆಟ್ ಒಳಗಿಂದ ಸೀಟಿ ಊದಿದ ಹಾಗೆ ಸದ್ದು. ಕನ್ನಡಿಯಲ್ಲಿ ನೋಡಿದರೆ ಹಿಂದೆ ನೀಲಿ ಹೊಗೆ. ಗಾಡಿ ನಿಂತಿತು. ಲಾರಿಗಳು ಭರ್ ಅಂತ ಹೋಗ್ತಿವೆ, ಅವ್ವ ರೇಷ್ಮೆ ಸೀರೆಯಲ್ಲಿ ರಸ್ತೆ ಪಕ್ಕ ನಿಂತಿದ್ದಾಳೆ, ರಾತ್ರಿ ಹನ್ನೊಂದೂವರೆ.

ಮರುದಿನ ಗ್ಯಾರೇಜಿನಲ್ಲಿ ಬಿಚ್ಚಿದಾಗ ಕಂಡಿದ್ದು: ಆಯಿಲ್ ಇರಬೇಕಾದ್ದಕ್ಕಿಂತ ಒಂದೂವರೆ ಲೀಟರ್ ಕಡಿಮೆ, ಕೆಳಗೆ ಸಂಪಿನಲ್ಲಿ ಕಾಡಿಗೆಯಂಥ ರಾಡಿ, ಟರ್ಬೊಗೆ ಆಯಿಲ್ ಹೋಗೋ ಸಣ್ಣ ಪೈಪಿನೊಳಗೆ ಇದ್ದಿಲು ಕಟ್ಟಿತ್ತು. ಟರ್ಬೊ ₹46,000, ಪೈಪುಗಳು ₹5,800, ಸಂಪ್ ಇಳಿಸಿ ಜಾಳಿಗೆ ತೊಳೆದು ಕೂಡಿಸಿದ ಕೂಲಿ ₹11,000, ಸರಿಯಾದ ಆಯಿಲ್ ಮತ್ತು ಫಿಲ್ಟರ್ ₹3,600, ಟೋಯಿಂಗ್ ₹2,500. ನಾಲ್ಕು ತಿಂಗಳ ಸಂಬಳಕ್ಕಿಂತ ಜಾಸ್ತಿ. ಅಪ್ಪ ಆ ವರ್ಷದ ಮೆಣಸಿನಕಾಯಿ ಚೀಲಗಳನ್ನ ರೇಟು ಏರಲಿ ಅಂತ ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟಿದ್ದ. ಏರೋಕೆ ಮೊದಲೇ ತೆಗೆಸಿ ಮಾರಿದ. ಬೈಲಿಲ್ಲ. ದುಡ್ಡು ಕೊಡುವಾಗ ಒಂದೇ ಮಾತು ಹೇಳಿದ: "ಚಕ್ಕಡಿಗೆ ಕೀಲೆಣ್ಣಿ ಹಾಕೂ ಮುಂದ ನಾವು ಅಚ್ಚು ನೋಡತಿದ್ವಿ. ನೀ ಡಬ್ಬಿ ರೇಟ್ ನೋಡಿ."

ಸರಿ, ಈಗ ಅಚ್ಚು ನೋಡೋಣ.

ಮೊದಲು ಈ "ನಮ್ಮ ಬಿಸಿಲು" ಅನ್ನೋ ಮಾತು. ಹಾವೇರಿಯಲ್ಲಿ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಆಸುಪಾಸು ಹೋಗ್ತದೆ, ನಿಜ. ಆದರೆ ಎಂಜಿನ್ನಿಗೆ ಥರ್ಮೋಸ್ಟಾಟ್ ಅಂತ ಒಂದಿದೆ. ಹೊರಗೆ ಜರ್ಮನಿಯ ಚಳಿ ಇರಲಿ, ರಾಣೆಬೆನ್ನೂರಿನ ಬಿಸಿಲು ಇರಲಿ, ಕೂಲಂಟ್ ನೀರನ್ನ ಅದು ಸುಮಾರು 90ರಿಂದ 100 ಡಿಗ್ರಿಯ ಹತ್ತಿರವೇ ಹಿಡಿದಿಡ್ತದೆ. ಆಯಿಲ್ ಕೂಡ ಹೆಚ್ಚುಕಡಿಮೆ ಅದೇ ಆಸುಪಾಸಿನಲ್ಲಿ ಕೆಲಸ ಮಾಡ್ತದೆ. ನಮ್ಮ ತಲೆ ಸುಡ್ತಿದೆ ಅಂದ ಮಾತ್ರಕ್ಕೆ ಎಂಜಿನ್ನಿನ ಒಳಗೆ ಬೇರೆ ಲೋಕ ಆಗೋದಿಲ್ಲ. ಆಯಿಲ್ ನಿಜಕ್ಕೂ 130, 140 ಡಿಗ್ರಿಗೆ ಹೋಗೋದು ರೇಸ್ ಟ್ರ್ಯಾಕಿನಲ್ಲಿ, ಸುತ್ತು ಮೇಲೆ ಸುತ್ತು ಫುಲ್ ಥ್ರಾಟಲ್ ಹೊಡೆದಾಗ. ಬ್ಯಾಡಗಿ ಪೇಟೆಯ ಟ್ರಾಫಿಕ್ಕಿನಲ್ಲಿ ಅಲ್ಲ.

ಡಬ್ಬಿ ಮೇಲಿನ ನಂಬರ್ ಓದೋದು ಹೇಗೆ? 5ಡಬ್ಲ್ಯೂ-40 ಅಂದರೆ ಎರಡು ಬೇರೆ ಬೇರೆ ಪರೀಕ್ಷೆಯ ಮಾರ್ಕ್ಸು. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. 5ಡಬ್ಲ್ಯೂ ಆಯಿಲನ್ನ ಮೈನಸ್ 30 ಡಿಗ್ರಿಯಲ್ಲಿ, 20ಡಬ್ಲ್ಯೂ ಆಯಿಲನ್ನ ಮೈನಸ್ 15ರಲ್ಲಿ ಎಂಜಿನ್ ತಿರುಗ್ತದಾ ಅಂತ ಪರೀಕ್ಷೆ ಮಾಡ್ತಾರೆ. ಹಿಂದಿನ 40 ಅನ್ನೋದು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯಿತು ಅನ್ನೋದರ ಲೆಕ್ಕ. 40 ಗ್ರೇಡ್ ಅಂದರೆ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗೆ ಇರಬೇಕು. 60 ಗ್ರೇಡ್ ಅಂದರೆ 21.9ರಿಂದ 26.1. ಸೆಂಟಿಸ್ಟೋಕ್ಸ್ ಅಂದರೆ ಏನು ಅಂತ ತಲೆ ಕೆಡಿಸ್ಕೋಬೇಡ್ರಿ, ಅಂಬಲಿಗೂ ಮುದ್ದೆಗೂ ನಡುವೆ ಎಲ್ಲಿದೆ ಅನ್ನೋದರ ಅಳತೆ ಅಂತ ಇಟ್ಕೊಳ್ಳಿ.

ಇಲ್ಲಿ ಒಬ್ಬ ಜಾಣ ಕೇಳಬಹುದು: ಮೈನಸ್ 30 ಡಿಗ್ರಿ ಹಾವೇರಿಗೆ ಯಾವ ಕಾಲಕ್ಕೂ ಬರೋದಿಲ್ಲ, ಮತ್ತೆ 5ಡಬ್ಲ್ಯೂ ಯಾಕೆ? ಒಳ್ಳೆ ಪ್ರಶ್ನೆ. ಕಂಪನಿಗಳು ಕೊಡೋ ಡೇಟಾ ಶೀಟಿನಲ್ಲಿ 40 ಡಿಗ್ರಿಯಲ್ಲಿ ಆಯಿಲ್ ಎಷ್ಟು ದಪ್ಪ ಅಂತಲೂ ಬರೆದಿರ್ತಾರೆ. 40 ಡಿಗ್ರಿ ಅಂದರೆ ನಮ್ಮ ಬೇಸಿಗೆಯೇ. ಅಷ್ಟು ಬಿಸಿಯಲ್ಲೂ ಸಾಮಾನ್ಯವಾಗಿ 20ಡಬ್ಲ್ಯೂ-50 ಮಿನರಲ್ ಆಯಿಲ್ 5ಡಬ್ಲ್ಯೂ-40 ಸಿಂಥೆಟಿಕ್‌ಗಿಂತ ಹತ್ತಿರ ಹತ್ತಿರ ಎರಡು ಪಟ್ಟು ದಪ್ಪ ಇರ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಅದು ತಲೆಭಾಗಕ್ಕೆ, ಟರ್ಬೊಗೆ ಹತ್ತೋದು ತಡ. ಎಂಜಿನ್ ಸವೆತದಲ್ಲಿ ದೊಡ್ಡ ಪಾಲು ಈ ಮೊದಲ ಕ್ಷಣಗಳದ್ದು. ಟರ್ಬೊ ಅನ್ನೋದು ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿಗಿಂತಲೂ ಹೆಚ್ಚು ತಿರುಗಬಲ್ಲ ಚಕ್ರ. ಅದರ ಅಚ್ಚು ನಿಂತಿರೋದು ಬರೀ ಆಯಿಲಿನ ಒಂದು ತೆಳು ಪದರದ ಮೇಲೆ. ಆ ಪದರ ಒಂದೆರಡು ಕ್ಷಣ ತಡವಾಗಿ ಬಂದರೆ ಏನಾಗ್ತದೆ ಅನ್ನೋದು ನನ್ನ ಬಿಲ್ಲಿನಲ್ಲಿದೆ.

ಹಾಗಾದರೆ 10ಡಬ್ಲ್ಯೂ-60 ಯಾರಿಗೆ? ಅದು ಸುಳ್ಳು ಆಯಿಲ್ ಅಲ್ಲ. ಬಿಎಂಡಬ್ಲ್ಯೂ ತನ್ನ ಕೆಲವು ಎಂ ಕಾರುಗಳಿಗೆ, 8,000 ಆರ್‌ಪಿಎಂ ದಾಟಿ ತಿರುಗೋ ಎಂಜಿನ್‌ಗಳಿಗೆ, ಅದನ್ನೇ ಹಾಕಿ ಅಂತ ಹೇಳಿತ್ತು. ಆ ಎಂಜಿನ್ನಿನ ಒಳಗಿನ ಸಂದುಗಳನ್ನ ಆ ದಪ್ಪಕ್ಕೇ ಲೆಕ್ಕ ಹಾಕಿ ಕೊರೆದಿದ್ದಾರೆ. ಟಿಟಿಯ ಎರಡು ಲೀಟರ್ ಟರ್ಬೊ ಎಂಜಿನ್ನಿನ ಸಂದುಗಳು ಬೇರೆ. ಅದಕ್ಕೆ 60 ಗ್ರೇಡ್ ಸುರಿದರೆ ಪ್ರೆಶರ್ ಜಾಸ್ತಿ ಇರ್ತದೆ, ಹರಿವು ಕಡಿಮೆ ಇರ್ತದೆ. ಪ್ರೆಶರ್ ಇದೆ ಅಂದ ಮಾತ್ರಕ್ಕೆ ಆಯಿಲ್ ಹೋಗಬೇಕಾದ ಕಡೆ ಹೋಯ್ತು ಅಂತಲ್ಲ. ಕಬ್ಬಿನ ಹಾಲು ಹೀರೋ ಸ್ಟ್ರಾದಲ್ಲಿ ಬೆಲ್ಲದ ಪಾಕ ಹೀರಿ ನೋಡ್ರಿ, ಗಲ್ಲ ಒಳಗೆ ಹೋಗ್ತದೆ, ಬಾಯಿಗೆ ಏನೂ ಬರೋದಿಲ್ಲ.

ಈಗ "ಸಿಂಥೆಟಿಕ್" ಅನ್ನೋ ಪದಕ್ಕೆ ಬರೋಣ. ನನ್ನಂಥ ಕಾಮರ್ಸ್ ಹುಡುಗನಿಗೆ ಇಡೀ ವಿಷಯದಲ್ಲಿ ಭಾಳ ಇಷ್ಟ ಆಗಿದ್ದು ಇದೇ ಭಾಗ.

ಎಂಜಿನ್ ಆಯಿಲಿನ ಬಹುಪಾಲು ಬೇಸ್ ಆಯಿಲ್. ಅದನ್ನ ಅಮೆರಿಕದ ಎಪಿಐ ಸಂಸ್ಥೆ ಐದು ಗುಂಪು ಮಾಡಿದೆ. ಒಂದು, ಎರಡನೇ ಗುಂಪು ಕಚ್ಚಾ ತೈಲದಿಂದ ಶುದ್ಧ ಮಾಡಿದ್ದು, ನಾವು ಮಿನರಲ್ ಅಂತೀವಿ. ಮೂರನೆಯದೂ ಕಚ್ಚಾ ತೈಲದಿಂದಲೇ ಬರ್ತದೆ, ಆದರೆ ಹೈಡ್ರೋಜನ್ ಜೊತೆ ಭಾರೀ ಒತ್ತಡ, ಬಿಸಿಯಲ್ಲಿ ಸಂಸ್ಕರಿಸಿ ಅಣುಗಳನ್ನೇ ಮುರಿದು ಜೋಡಿಸಿರ್ತಾರೆ. ನಾಲ್ಕನೆಯದು ಪಿಎಒ, ಕಾರ್ಖಾನೆಯಲ್ಲಿ ಅಣು ಕಟ್ಟಿ ಮಾಡಿದ್ದು. ಎಸ್ಟರ್‌ಗಳೂ ಸೇರಿ ಉಳಿದದ್ದೆಲ್ಲ ಐದನೇ ಗುಂಪು. ಮೊದಮೊದಲು ಸಿಂಥೆಟಿಕ್ ಅಂದರೆ ನಾಲ್ಕು, ಐದು ಮಾತ್ರ ಅಂತ ಜನ ತಿಳಿದಿದ್ದರು. 1990ರ ದಶಕದಲ್ಲಿ ಕ್ಯಾಸ್ಟ್ರಾಲ್ ಮೂರನೇ ಗುಂಪಿನ ಬೇಸ್ ಆಯಿಲ್ ಬಳಸಿ ಅದನ್ನೂ ಸಿಂಥೆಟಿಕ್ ಅಂತ ಮಾರಿತು. ಮೊಬಿಲ್ ಕಂಪನಿ ಇದು ತಪ್ಪು ಜಾಹೀರಾತು ಅಂತ ಅಮೆರಿಕದ ಜಾಹೀರಾತು ವಿವಾದ ನೋಡೋ ಮಂಡಳಿಗೆ ದೂರು ಕೊಟ್ಟಿತು. 1999ರಲ್ಲಿ ತೀರ್ಮಾನ ಕ್ಯಾಸ್ಟ್ರಾಲ್ ಕಡೆ ಆಯ್ತು, ಸಿಂಥೆಟಿಕ್ ಅನ್ನಬಹುದು ಅಂತ. ಅಲ್ಲಿಂದ ಮುಂದೆ ಮೂರನೇ ಗುಂಪಿನ ಆಯಿಲ್‌ಗಳು ಸಿಂಥೆಟಿಕ್ ಹೆಸರಲ್ಲೇ ಮಾರುಕಟ್ಟೆ ತುಂಬಿದವು.

ಹಂಗಂತ ಮೂರನೇ ಗುಂಪು ಕಳಪೆ ಅಂತಲ್ಲ. ಒಳ್ಳೆ ಒಳ್ಳೆ ಆಯಿಲ್‌ಗಳು ಅದರಿಂದಲೇ ಆಗಿವೆ. ನಾನು ಹೇಳೋದು ಇಷ್ಟೇ: "ಫುಲ್ ಸಿಂಥೆಟಿಕ್" ಅನ್ನೋದು ಎಂಜಿನಿಯರ್ ಕೊಟ್ಟ ಮಾರ್ಕ್ಸ್ ಕಾರ್ಡ್ ಅಲ್ಲ, ಅದು ಮಾರಾಟದ ಪದ. ಪೇಟೆಯಲ್ಲಿ "ಹೋಮ್‌ಮೇಡ್ ಉಪ್ಪಿನಕಾಯಿ" ಅಂತ ಬರೆದಿರ್ತಾರಲ್ಲ, ಹಂಗೆ. ಯಾರ ಹೋಮ್ ಅಂತ ಕೇಳಬೇಕು.

ಒಂದು ಸಣ್ಣ ಅಡ್ಡಮಾತು. ಅಪ್ಪ ಹೇಳಿದ ಕೀಲೆಣ್ಣೆ ಇದೆಯಲ್ಲ, ಚಕ್ಕಡಿಗೆ ಹಾಕೋದು, ಅದಕ್ಕೆ ನಮ್ಮ ಕಡೆ ಔಡಲ ಎಣ್ಣೆ ಬಳಸ್ತಿದ್ದರು, ಅದೇ ಹರಳೆಣ್ಣೆ. ಕ್ಯಾಸ್ಟ್ರಾಲ್ ಅನ್ನೋ ಹೆಸರು ಬಂದಿದ್ದೂ ಔಡಲದ ಇಂಗ್ಲಿಷ್ ಹೆಸರು ಕ್ಯಾಸ್ಟರ್‌ನಿಂದ. ಮೊದಲ ಮಹಾಯುದ್ಧದ ವಿಮಾನದ ಎಂಜಿನ್‌ಗಳು ಹರಳೆಣ್ಣೆ ಕುಡಿದು ಹಾರಿದವು. ಇವತ್ತಿಗೂ ಹರಳೆಣ್ಣೆಯಿಂದ ತೆಗೆದ ರಾಸಾಯನಿಕದಿಂದ ಕೆಲವು ಎಸ್ಟರ್ ಲೂಬ್ರಿಕೆಂಟ್ ಮಾಡ್ತಾರೆ. ನಮ್ಮ ಅಜ್ಜ ಚಕ್ಕಡಿ ಕೀಲಿಗೆ ಹಾಕಿದ್ದು ಒಂದು ಲೆಕ್ಕಕ್ಕೆ ಐದನೇ ಗುಂಪೇ. ಇದನ್ನ ಅಪ್ಪನಿಗೆ ಹೇಳಿದಾಗ "ಮತ್ತ ನೀ ಅದನ್ನರ ಹಾಕಬೇಕಿತ್ತು" ಅಂದ.

ಸರಿ, ಮತ್ತೆ ಏನು ನೋಡಿ ಆರಿಸಬೇಕು? ಮ್ಯಾನುಯಲ್‌ನಲ್ಲಿ ಇರೋ ಕಂಪನಿ ಕೋಡ್. ಇಡೀ ಎಪಿಸೋಡಿನಲ್ಲಿ ಒಂದೇ ವಿಷಯ ನೆನಪಿಟ್ಟರೆ ಇದನ್ನ ಇಡ್ರಿ. ಪ್ರತಿಯೊಂದು ದೊಡ್ಡ ಕಾರು ಕಂಪನಿ ತನ್ನ ಎಂಜಿನ್ನಿನಲ್ಲಿ ಆಯಿಲ್ ಹಾಕಿ ತಾನೇ ಪರೀಕ್ಷೆ ಮಾಡಿ, ಪಾಸಾದದ್ದಕ್ಕೆ ಒಂದು ನಂಬರ್ ಕೊಡ್ತದೆ. ಫೋಕ್ಸ್‌ವ್ಯಾಗನ್, ಆಡಿಯವರದ್ದು ವಿಡಬ್ಲ್ಯೂ 502 00, 504 00 ಹೀಗೆ. ಮರ್ಸಿಡಿಸ್‌ನವರದ್ದು 229.5 ಥರದ್ದು. ಬಿಎಂಡಬ್ಲ್ಯೂದವರದ್ದು ಎಲ್‌ಎಲ್-01. ಪೋರ್ಷೆಯವರದ್ದು ಎ40. ನಿಮ್ಮ ಕಾರಿನ ವರ್ಷಕ್ಕೆ, ಎಂಜಿನ್ನಿಗೆ ಯಾವುದು ಅಂತ ಮ್ಯಾನುಯಲ್ ಹೇಳ್ತದೆ. ಅದೇ ನಂಬರ್ ಡಬ್ಬಿಯ ಹಿಂದಿನ ಸಣ್ಣ ಅಕ್ಷರದಲ್ಲಿ ಇರಬೇಕು. ಮುಂದಿನ ದೊಡ್ಡ ಅಕ್ಷರ ಓದಬೇಡ್ರಿ, ಅದು ನಮ್ಮ ಕಣ್ಣಿಗೆ ಬರೆದದ್ದು. ಹಿಂದಿನ ಸಣ್ಣ ಅಕ್ಷರ ಎಂಜಿನ್ನಿಗೆ ಬರೆದದ್ದು.

ಅಲ್ಲೂ ಒಂದು ಕಿತಾಪತಿ ಇದೆ. ಕೆಲವು ಡಬ್ಬಿಯಲ್ಲಿ "ಅಪ್ರೂವ್ಡ್" ಅಥವಾ "ಅಪ್ರೂವಲ್" ಅಂತ ಇರ್ತದೆ, ಅಂದರೆ ಕಾರು ಕಂಪನಿಯೇ ಸಹಿ ಹಾಕಿದೆ. ಕೆಲವದರಲ್ಲಿ "ಸೂಟಬಲ್ ಫಾರ್", "ಮೀಟ್ಸ್ ರಿಕ್ವೈರ್‌ಮೆಂಟ್ಸ್ ಆಫ್" ಅಂತ ಇರ್ತದೆ, ಅಂದರೆ ಆಯಿಲ್ ಕಂಪನಿ ತಾನೇ ಹೇಳಿಕೊಂಡದ್ದು. ಸಿಎ ಆಡಿಟ್ ಮಾಡಿದ ಬ್ಯಾಲೆನ್ಸ್ ಶೀಟಿಗೂ ಅಂಗಡಿಯವ ತಾನೇ ಬರೆದ ಲೆಕ್ಕಕ್ಕೂ ಇರೋ ವ್ಯತ್ಯಾಸ. ಎರಡನೆಯದು ಸುಳ್ಳೇ ಇರಬೇಕಂತಿಲ್ಲ, ಆದರೆ ಸಾಲ ಕೊಡುವಾಗ ಬ್ಯಾಂಕು ಯಾವುದನ್ನ ಕೇಳ್ತದೆ ನೀವೇ ಹೇಳ್ರಿ.

ನಮ್ಮಲ್ಲಿ ಸ್ಪೋರ್ಟ್ಸ್ ಕಾರು ಅಂದಮೇಲೆ ಬಹಳಷ್ಟು ಸಲ ಅದು ಟರ್ಬೊ ಪೆಟ್ರೋಲ್ ಡೈರೆಕ್ಟ್ ಇಂಜೆಕ್ಷನ್ ಇರ್ತದೆ. ಅದಕ್ಕೆ ಇನ್ನೊಂದು ಅಕ್ಷರ ನೋಡಬೇಕು: ಎಪಿಐ ದರ್ಜೆ. ಎಸ್‌ಎನ್ ಅನ್ನೋದು 2010ರದು, ಎಸ್‌ಪಿ ಬಂದಿದ್ದು 2020ರಲ್ಲಿ, ಅದರ ಮುಂದಿನದು ಎಸ್‌ಕ್ಯೂ, 2025ರಲ್ಲಿ. ಹಳೆಯದಕ್ಕೂ ಎಸ್‌ಪಿಗೂ ಏನು ಫರಕು? ನೀವು ನಾಲ್ಕನೇ, ಐದನೇ ಗೇರಿನಲ್ಲಿ ಲಾರಿಯ ಹಿಂದೆ ನಿಧಾನಕ್ಕೆ ಹೋಗ್ತಿರ್ತೀರಿ, ಆರ್‌ಪಿಎಂ ಕಡಿಮೆ ಇರ್ತದೆ. ದಾರಿ ಸಿಕ್ಕಿತು ಅಂತ ಗೇರ್ ಇಳಿಸದೇ ಜೋರಾಗಿ ಒತ್ತುತ್ತೀರಿ. ಆಗ ಪಿಸ್ಟನ್ ಅಂಚಿನಲ್ಲಿ ಪೆಟ್ರೋಲು, ಆಯಿಲು ಬೆರೆತ ಒಂದು ಹನಿ ಸ್ಪಾರ್ಕ್ ಬರೋ ಮೊದಲೇ ಹತ್ತಿಕೊಳ್ಳಬಹುದು. ಒಳಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಪೆಟ್ಟು, ಕೆಟ್ಟ ಗಳಿಗೆ ಇದ್ದರೆ ಪಿಸ್ಟನ್ನೇ ಒಡೀತದೆ. ಆಯಿಲಿನಲ್ಲಿ ಹಾಕೋ ಕ್ಯಾಲ್ಸಿಯಂ ಡಿಟರ್ಜೆಂಟ್ ಇದನ್ನ ಹೆಚ್ಚಿಸ್ತದೆ ಅಂತ ಗೊತ್ತಾದ ಮೇಲೆ ಮಿಶ್ರಣ ಬದಲಾಯಿಸಿದರು, ಅದಕ್ಕೊಂದು ಪರೀಕ್ಷೆಯನ್ನೂ ಎಸ್‌ಪಿ ದರ್ಜೆಯಲ್ಲಿ ಸೇರಿಸಿದರು. ಟೈಮಿಂಗ್ ಚೈನ್ ಸವೆತದ ಪರೀಕ್ಷೆಯೂ ಅದರಲ್ಲಿದೆ. ಹಾಗಾಗಿ ಕಂಪನಿ ಕೋಡ್ ಹೊಂದೋ ಎರಡು ಡಬ್ಬಿ ಇದ್ದು, ಒಂದರಲ್ಲಿ ಎಸ್‌ಎನ್, ಇನ್ನೊಂದರಲ್ಲಿ ಎಸ್‌ಪಿ ಇದ್ದರೆ ಟರ್ಬೊದವರು ಎಸ್‌ಪಿ ತಗೊಳ್ಳಿ. ಗೇರನ್ನೂ ಇಳಿಸ್ರಿ ಮಾರಾಯ್ರೆ, ಗೇರ್ ಇರೋದೇ ಅದಕ್ಕೆ.

ಬಣ್ಣದ ಬಗ್ಗೆ ಒಂದು ಮಾತು, ಇದನ್ನ ಬ್ಯಾಡಗಿಯವರಿಗೆ ಹೇಳೋದು ಸ್ವಲ್ಪ ಕಷ್ಟ. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ಪೇಟೆಯಲ್ಲಿ ಮುಷ್ಟಿ ತುಂಬ ಎತ್ತಿ, ಕೆಂಪು ನೋಡಿ, ಸುಕ್ಕು ನೋಡಿ ರೇಟು ಹೇಳೋ ಕಣ್ಣು ನಮ್ಮವರದು. ಅದೇ ಕಣ್ಣಲ್ಲಿ ಡಿಪ್‌ಸ್ಟಿಕ್ ನೋಡಿ "ಕರ್ರಗ ಆಗೇತಿ, ಕೆಟ್ಟೈತಿ" ಅಂತೀವಿ. ಆಯಿಲಿನಲ್ಲಿರೋ ಡಿಟರ್ಜೆಂಟ್ ಮಸಿ ಹಿಡಿದಿಟ್ಟುಕೊಂಡರೆ ಅದು ಕಪ್ಪಾಗಲೇಬೇಕು, ಅದು ಕೆಲಸ ಮಾಡ್ತಿದೆ ಅಂತ ಅರ್ಥ. ಹೊಂಬಣ್ಣದಲ್ಲೇ ಇದ್ದ ಮಾತ್ರಕ್ಕೆ ಇನ್ನೂ ಚಲೋ ಐತಿ ಅಂತಲೂ ಅಲ್ಲ. ಬೆರಳಲ್ಲಿ ತಿಕ್ಕಿ ನೋಡೋದಂತೂ ಬರೀ ಶೋ. ಡಿಪ್‌ಸ್ಟಿಕ್ ನೋಡಬೇಕಾದ್ದು ಮಟ್ಟಕ್ಕೆ, ಬಣ್ಣಕ್ಕಲ್ಲ. ಟರ್ಬೊ ಎಂಜಿನ್‌ಗಳು ಸ್ವಲ್ಪ ಆಯಿಲ್ ಕುಡಿಯೋದು ಇದ್ದದ್ದೇ. ತಿಂಗಳಿಗೊಮ್ಮೆ ಸಮತಟ್ಟು ಜಾಗದಲ್ಲಿ, ಎಂಜಿನ್ ಬಂದ್ ಮಾಡಿ ಐದು ನಿಮಿಷ ಬಿಟ್ಟು ನೋಡ್ರಿ. ಆ 9,000 ಕಿಲೋಮೀಟರಿನಲ್ಲಿ ಒಂದು ಸಲ ನಾನು ಇದನ್ನ ಮಾಡಿದ್ದರೂ ಅವ್ವ ಆ ರಾತ್ರಿ ಹೈವೇ ಪಕ್ಕ ನಿಲ್ತಿರಲಿಲ್ಲ. ಡಿಪ್‌ಸ್ಟಿಕ್ಕೇ ಇಲ್ಲದ ಹೊಸ ಕಾರುಗಳಲ್ಲಿ ಸ್ಕ್ರೀನಿನಲ್ಲೇ ಮಟ್ಟ ತೋರಿಸ್ತದೆ.

ಇನ್ನು ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು? ಕೆಲವು ಕಂಪನಿಗಳು 15,000 ಕಿಲೋಮೀಟರ್ ಅಥವಾ ಒಂದು ವರ್ಷ ಅಂತಾರೆ. ಆದರೆ ಬಹಳಷ್ಟು ಮ್ಯಾನುಯಲ್‌ಗಳಲ್ಲಿ ಅದರ ಕೆಳಗೆ ಇನ್ನೊಂದು ಸಾಲು ಇರ್ತದೆ: ಧೂಳು, ಪದೇ ಪದೇ ಸಣ್ಣ ಓಡಾಟ, ಹೆಚ್ಚು ಹೊತ್ತು ನಿಂತಲ್ಲೇ ಎಂಜಿನ್ ಓಡಿಸೋದು ಇದ್ದರೆ ಬೇಗ ಬದಲಾಯಿಸಿ ಅಂತ. ನಮ್ಮ ಮೂರೂ ಊರಿನವರು ಆ ಸಾಲಿನಲ್ಲೇ ಬರ್ತೀವಿ. ಸುಗ್ಗಿ ಕಾಲದಲ್ಲಿ ಹೊಲದ ದಾರಿಯ ಧೂಳು, ಗೋವಿನಜೋಳ ಒಕ್ಕೋ ಹೊಟ್ಟು, ಪೇಟೆಯಲ್ಲಿ ಮೆಣಸಿನಕಾಯಿ ಘಾಟು. ಏರ್ ಫಿಲ್ಟರ್ ತಪ್ಪಿಸಿ ಒಳಗೆ ಹೋದ ಧೂಳು ಕೊನೆಗೆ ಆಯಿಲಿಗೇ ಸೇರ್ತದೆ, ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಇನ್ನು ಸಣ್ಣ ಓಡಾಟ. ನೀರು ಬೇಗ ಬಿಸಿಯಾಗ್ತದೆ, ಆಯಿಲ್ ಬಿಸಿಯಾಗೋಕೆ ಇನ್ನೂ ಸಮಯ ಬೇಕು. ಮೂರು ಕಿಲೋಮೀಟರ್ ಓಡಿಸಿ ಬಂದ್ ಮಾಡಿದರೆ ಒಳಗೆ ಸೇರಿದ ನೀರಿನ ಆವಿ, ಸುಡದ ಪೆಟ್ರೋಲು ಹಾರಿ ಹೋಗದೆ ಆಯಿಲಿನಲ್ಲೇ ಉಳೀತದೆ. ಈಗ ಪಂಪಿನಲ್ಲಿ ಸಿಗೋ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥೆನಾಲ್ ಇರ್ತದೆ, ಅದಕ್ಕೆ ನೀರು ಅಂದರೆ ಪ್ರೀತಿ. ನಾನು ಈಗ 7,500 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದಕ್ಕೆ ಬದಲಾಯಿಸ್ತೀನಿ. ವಾರಕ್ಕೊಮ್ಮೆಯಾದರೂ ಹಾವೇರಿವರೆಗೆ ಒಂದು ಸುತ್ತು ಹೊಡೆದು ಬರ್ತೀನಿ. ಮನೆಯಲ್ಲಿ ಇದಕ್ಕೆ ತಿರುಗಾಟ ಅಂತಾರೆ. ನಾನು ಮೇಂಟೆನೆನ್ಸ್ ಅಂತೀನಿ.

ಲೆಕ್ಕ ಮಾಡದೇ ಬಿಟ್ಟರೆ ನನ್ನ ಬಿ.ಕಾಂ ಡಿಗ್ರಿ ವಾಪಸ್ ಕೇಳ್ತಾರೆ. ಅಂದಾಜಿಗೆ ಸಿಂಥೆಟಿಕ್ ನಾಲ್ಕು ಲೀಟರ್ ₹3,200, ಫಿಲ್ಟರ್ ₹400, ಒಟ್ಟು ₹3,600. 10,000 ಕಿಲೋಮೀಟರ್ ಓಡಿಸಿದರೆ ಕಿಲೋಮೀಟರಿಗೆ 36 ಪೈಸೆ. ಮಿನರಲ್ ₹1,400, ಫಿಲ್ಟರ್ ₹400, ಒಟ್ಟು ₹1,800. ಅದು ತಾಳೋದು 5,000 ಅಂತ ಇಟ್ಟರೆ ಅದೂ 36 ಪೈಸೆಯೇ. ಮೇಲೆ ಎರಡು ಸಲ ಕೂಲಿ, ಎರಡು ಸಲ ಅರ್ಧ ದಿನ ಹಾಳು. ನನ್ನ ಹಾಗೆ ಸಿಂಥೆಟಿಕ್ ಅನ್ನೇ 7,500ಕ್ಕೆ ಬದಲಾಯಿಸಿದರೆ 48 ಪೈಸೆ. ವರ್ಷಕ್ಕೆ 9,000 ಕಿಲೋಮೀಟರ್ ಓಡಿಸೋನಿಗೆ ಆ 12 ಪೈಸೆಯ ವ್ಯತ್ಯಾಸ ₹1,080. ಪೆಟ್ರೋಲಿಗೆ ಕಿಲೋಮೀಟರಿಗೆ ಏಳು ರೂಪಾಯಿ ಸುಡೋನು ಇದರಲ್ಲಿ ಉಳಿತಾಯ ಮಾಡ್ತೀನಿ ಅಂದರೆ ಏನನ್ನಬೇಕು? ನಾನು ಅಂದಿದ್ದೆ, ಅದಕ್ಕೇ ಹೇಳ್ತಿದೀನಿ.

ಖರೀದಿ ಮಾಡುವಾಗ ಬಿಲ್ಲು ತಗೊಳ್ಳಿ. ಎಂಜಿನ್ ಆಯಿಲಿಗೆ 18 ಪರ್ಸೆಂಟ್ ಜಿಎಸ್‌ಟಿ ಇದೆ, "ಬಿಲ್ ಬ್ಯಾಡ ಅಂದ್ರ ಕಮ್ಮಿ ಮಾಡ್ತೀನಿ" ಅನ್ನೋ ಮಾತು ಬಂದೇ ಬರ್ತದೆ. ಆ ಕಡಿಮೆಯಲ್ಲಿ ಡಬ್ಬಿಯೊಳಗೆ ಏನಿದೆ ಅನ್ನೋ ಜವಾಬ್ದಾರಿಯೂ ಕಡಿಮೆಯಾಗ್ತದೆ. ಸೀಲ್ ನೋಡ್ರಿ, ತಯಾರಾದ ದಿನಾಂಕ ನೋಡ್ರಿ, ಕ್ಯೂಆರ್ ಇದ್ದರೆ ಸ್ಕ್ಯಾನ್ ಮಾಡ್ರಿ, ನಿಮ್ಮ ಕಣ್ಣೆದುರೇ ಸೀಲ್ ಒಡೆಸ್ರಿ. ಖಾಲಿ ಡಬ್ಬಿಗೆ ಒಂದು ತೂತು ಹೊಡೆದು ಗುಜರಿಗೆ ಹಾಕ್ರಿ, ಇಲ್ಲಾಂದರೆ ಅದೇ ಡಬ್ಬಿ ತುಂಬಿಕೊಂಡು ಇನ್ನೊಬ್ಬನ ಮನೆಗೆ ಹೋಗ್ತದೆ. ಹಳೇ ಆಯಿಲನ್ನ ಗಟಾರಕ್ಕೆ ಸುರಿಯೋದು ಬೇಡ, ಗ್ಯಾರೇಜಿನಲ್ಲೇ ಬಿಟ್ಟು ಬನ್ನಿ, ಅದನ್ನ ಕೊಳ್ಳೋರು ಇರ್ತಾರೆ.

ಬೈಕಿನವರು ಇಷ್ಟೊತ್ತು ಸುಮ್ಮನೆ ಕೇಳಿಸ್ಕೊಂಡಿದ್ದೀರಿ. ನಿಮಗೆ ಒಂದೇ ಮಾತು: ಉಳಿದಿದೆ ಅಂತ ಕಾರಿನ ಆಯಿಲ್ ಬೈಕಿಗೆ ಸುರೀಬೇಡ್ರಿ. ಗೇರ್ ಬೈಕುಗಳಲ್ಲಿ ಬಹುತೇಕ ಕ್ಲಚ್ ಆಯಿಲಿನಲ್ಲೇ ಮುಳುಗಿರ್ತದೆ, ಕಾರಿನ ಆಯಿಲಿಗೆ ಅದು ಜಾರಬಹುದು. ಜಾಸೊ ಎಂಎ ಅಥವಾ ಎಂಎ2 ಅಂತ ಡಬ್ಬಿಯಲ್ಲಿ ಇರಬೇಕು. ಇದರ ಮೇಲೆ ಬೇರೆ ಎಪಿಸೋಡೇ ಮಾಡ್ತೀನಿ.

ಈಗ ಬ್ಯಾಡಗಿ ಗೆಳೆಯನಿಗೆ ಉತ್ತರ. 10ಡಬ್ಲ್ಯೂ-60 ಬೇಡ. ಮ್ಯಾನುಯಲ್ ತೆಗಿ, ನಿನ್ನ ಕಾರಿನ ವರ್ಷಕ್ಕೆ ಯಾವ ವಿಡಬ್ಲ್ಯೂ ಕೋಡ್ ಹೇಳಿದೆ ಅಂತ ನೋಡು. ಅದೇ ಕೋಡಿಗೆ ಅಪ್ರೂವ್ಡ್ ಅಂತ ಇರೋ ಡಬ್ಬಿ ತಗೋ, ಬ್ರ್ಯಾಂಡ್ ನಿನಗೆ ಬಿಟ್ಟಿದ್ದು. ನಿನ್ನ ಎಂಜಿನ್ನಿಗೆ ಐದು ಲೀಟರಿನ ಮೇಲೆ ಹಿಡೀಬಹುದು, ಬರೀ ನಾಲ್ಕು ಲೀಟರಿನ ಕ್ಯಾನ್ ತಗೊಂಡು ಹೋಗಿ ಗ್ಯಾರೇಜಿನಲ್ಲಿ "ಇನ್ನೊಂದು ಲೀಟರ್ ಯಾವುದಾದರೂ ಹಾಕ್ರಿ" ಅನ್ನೋ ಪರಿಸ್ಥಿತಿ ತಂದುಕೋಬೇಡ. ಸೆಕೆಂಡ್ ಹ್ಯಾಂಡ್ ಗಾಡಿ, ಹಿಂದಿನವನು ಏನು ಹಾಕಿದ್ದನೋ ಗೊತ್ತಿಲ್ಲ, ಅದಕ್ಕೆ ಮೊದಲ ಸಲ 5,000ಕ್ಕೇ ಬದಲಾಯಿಸು. ಉಳಿದ ಅರ್ಧ ಲೀಟರ್ ಡಿಕ್ಕಿಯಲ್ಲಿ ಇಟ್ಟುಕೋ. ಜೋರಾಗಿ ಹೊಡೆದು ಬಂದ ಮೇಲೆ ಕೊನೇ ಎರಡು ಕಿಲೋಮೀಟರ್ ಮೆತ್ತಗೆ ಓಡಿಸಿ ಆಮೇಲೆ ಬಂದ್ ಮಾಡು, ಟರ್ಬೊದಲ್ಲಿ ನಿಂತ ಆಯಿಲ್ ಸುಟ್ಟು ಇದ್ದಿಲಾಗೋದು ತಪ್ತದೆ. ಮತ್ತೆ ಆ ಕೆಂಪು ಲೈಟು ಎಲ್ಲಾದರೂ ಹತ್ತಿದರೆ, ಮೋಟೆಬೆನ್ನೂರೇ ಇರಲಿ, ಮದುವೆ ದಿಬ್ಬಣದ ಮಧ್ಯೆಯೇ ಇರಲಿ, ಅಲ್ಲೇ ಎಂಜಿನ್ ಬಂದ್ ಮಾಡು.

ಇಷ್ಟನ್ನ ಮೊನ್ನೆ ಫೋನಿನಲ್ಲಿ ಹೇಳಿದೆ. "ಮ್ಯಾನುಯಲ್ ಎಲ್ಲೈತೋ ಏನೋ" ಅಂದ. ರಾತ್ರಿ ಫೋಟೊ ಬಂತು, ಸ್ಟೆಪ್ನಿ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಇತ್ತಂತೆ, ಒಂದು ಪುಟವನ್ನೂ ಯಾರೂ ತಿರುವಿರಲಿಲ್ಲ. ಬರೋ ಭಾನುವಾರ ಆಯಿಲ್ ಚೇಂಜ್, ನಾನೂ ಹೋಗ್ತಿದೀನಿ. ಅಪ್ಪನೂ ಬರ್ತೀನಿ ಅಂದಿದ್ದಾನೆ, ಅಚ್ಚು ನೋಡೋಕಂತೆ. ಟಿಟಿಯಲ್ಲಿ ಹಿಂದಿನ ಸೀಟು ಹೆಸರಿಗೆ ಮಾತ್ರ ಇರೋದು, ಅಲ್ಲಿ ಯಾರು ಕೂರಬೇಕು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಮುಂದಿನ ವಾರ ಸಿಗೋಣ್ರಿ, ನಮಸ್ಕಾರ.